ಸುಣ್ಣದ ನಾಡಿನಲ್ಲೊಂದು ಎಚ್ಚರಿಕೆಯ ಓಲೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ - ಈ ಐದು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದರೆ ನಮ್ಮ ಕಡೆಯವರ ಕಣ್ಣೆದುರಿಗೆ ಮೊದಲು ಬಂದು ನಿಲ್ಲುವುದು ಕಲ್ಲು. ಮನೆಯ ನೆಲಕ್ಕೆ ಹಾಸುವುದು ಅದೇ ಫರಸಿ ಕಲ್ಲು. ಹೊಲದ ಬದುವಿಗೆ ನಿಲ್ಲಿಸುವುದು ಅದೇ ಕಲ್ಲು. ಬಡವನ ಮನೆಯ ಮಾಳಿಗೆಯೂ ಅದೇ. ಭೂವಿಜ್ಞಾನಿಗಳು ಭೀಮಾ ಶ್ರೇಣಿಯೆಂದು ಹೆಸರಿಟ್ಟಿರುವ ಈ ಪದರಗಳಲ್ಲಿ ಬಹುಭಾಗ ಸುಣ್ಣಕಲ್ಲು. ಅದನ್ನು ಸೀಳಿದರೆ ಹಾಸುಗಲ್ಲು, ಸುಟ್ಟರೆ ಸುಣ್ಣ, ಜೇಡಿಯೊಡನೆ ಬೆರೆಸಿ ಇನ್ನೂ ಹೆಚ್ಚು ಸುಟ್ಟರೆ ಸಿಮೆಂಟು. ಕಾಗಿಣೆಯ ದಂಡೆಯ ಜನರ ಬದುಕಿನಲ್ಲಿ ಸುಣ್ಣ ಬೆರೆತಿರುವಷ್ಟು ಬೇರೆ ಯಾವ ವಸ್ತುವೂ ಬೆರೆತಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು.

ನಾನು ಕನ್ನಡವನ್ನು ಪಾಠ ಹೇಳುವವನು. ರಸಾಯನಶಾಸ್ತ್ರ ನನ್ನ ಕ್ಷೇತ್ರವಲ್ಲ. ಹೀಗಿದ್ದೂ ಈ ಲೇಖನವನ್ನು ಬರೆಯುವ ಪ್ರಸಂಗ ಬಂದುದು ಹೇಗೆಂಬುದನ್ನು ಮೊದಲು ಹೇಳಬೇಕು. ಕಳೆದ ದೀಪಾವಳಿಯ ನಂತರ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಬಿ.ಎ. ಮುಗಿಸಿದ ಮೇಲೆ ಒಂದು ಕೆಲಸದ ಜಾಗದಲ್ಲಿ ಗುತ್ತಿಗೆಯ ಆಳುಗಳ ಮೇಲ್ವಿಚಾರಕನಾಗಿದ್ದಾನೆ. ಚಹಾ ಕುಡಿದು, ಸಂಕೋಚಪಡುತ್ತ, ಕಿಸೆಯಿಂದ ಮಡಿಸಿದ ಕಾಗದದ ಕಟ್ಟೊಂದನ್ನು ತೆಗೆದು ಮುಂದಿಟ್ಟ. ಹನ್ನೆರಡು ಪುಟ, ಎಲ್ಲವೂ ಇಂಗ್ಲಿಷು. ಮೇಲೆ 'ಸೇಫ್ಟಿ ಡೇಟಾ ಶೀಟ್' ಎಂದು ದಪ್ಪಕ್ಷರ. “ಸರ, ಇದನ್ನ ನಮಗ ತಿಳಿಯೋ ಹಂಗ ಕನ್ನಡದಾಗ ಬರದ ಕೊಡ್ರಿ” ಎಂದ.

ಅವನ ಕೈಕೆಳಗಿನ ಆಳೊಬ್ಬ ಸುಟ್ಟ ಸುಣ್ಣದ ಚೀಲ ಬಿಚ್ಚುವಾಗ ಪುಡಿ ಕಣ್ಣಿಗೆ ಸಿಡಿದಿತ್ತಂತೆ. ಜೊತೆಯವರು ಗಾಬರಿಯಾಗಿ ಊರಿನ ಪದ್ಧತಿಯಂತೆ ಕಣ್ಣಿಗೆ ಎಣ್ಣೆ ಬಿಟ್ಟು, ಬಟ್ಟೆ ಕಟ್ಟಿ, ವಾಹನಕ್ಕಾಗಿ ಕಾದಿದ್ದಾರೆ. ನೀರಿನ ನಲ್ಲಿ ಇಪ್ಪತ್ತು ಹೆಜ್ಜೆಯ ದೂರದಲ್ಲಿತ್ತು. “ಸುಣ್ಣಕ್ಕ ನೀರು ಬಿದ್ರ ಕುದಿತದ ಅಂತ ಹೆದರಿದ್ವಿ ಸರ” ಎಂದ ಹುಡುಗ. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ ಪ್ರಶ್ನೆ, ಕೂಡಲೇ ನೀರಿನಿಂದ ಏಕೆ ತೊಳೆಯಲಿಲ್ಲವೆಂಬುದು. ಆ ಮನುಷ್ಯನ ಒಂದು ಕಣ್ಣು ಇಂದಿಗೂ ಮಂಜು ಮಂಜು. ಈ ಕಾಗದ ಮಾತ್ರ ಆ ದಿನವೂ ಅಲ್ಲಿಯೇ ಕಚೇರಿಯ ಕಪಾಟಿನಲ್ಲಿ, ಬೀಗದ ಒಳಗೆ ಇದ್ದಿತು. ಅದರ ನಾಲ್ಕನೆಯ ವಿಭಾಗದಲ್ಲಿ, ಕಣ್ಣಿಗೆ ಬಿದ್ದರೆ ರೆಪ್ಪೆಗಳನ್ನು ಬಿಡಿಸಿ ಹಿಡಿದು ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಧಾರಾಳವಾಗಿ ನೀರಿನಿಂದ ತೊಳೆಯಿರೆಂದು ಸ್ಪಷ್ಟವಾಗಿ ಬರೆದಿತ್ತು.

ಆ ರಾತ್ರಿ ನಾನು ಆ ಹನ್ನೆರಡು ಪುಟಗಳೊಡನೆ ಕುಳಿತೆ. ಕುಳಿತಂತೆಲ್ಲ ಒಂದು ಪ್ರಶ್ನೆ ಕಾಡತೊಡಗಿತು. ಇಂಥ ಕಾಗದ ಲೋಕದಲ್ಲಿ ಎಂದು ಹುಟ್ಟಿತು, ನಮ್ಮಲ್ಲಿಗೆ ಯಾವ ದಾರಿಯಿಂದ ಬಂದಿತು, ಬಂದೂ ಏಕೆ ಕಪಾಟಿನಲ್ಲಿ ಉಳಿಯಿತು? ಅದನ್ನು ಹುಡುಕಿದಾಗ ದೊರೆತ ಕಥೆಯೇ ಇಲ್ಲಿನ ವಿಷಯ.

ಮೊದಲಿಗೆ ಒಂದು ಮಾತು. ಅಪಾಯದ ವಸ್ತುವಿನ ಬಗೆಗೆ ಎಚ್ಚರ ಹೇಳುವ ಪದ್ಧತಿ ನಮಗೆ ಹೊಸದಲ್ಲ. ನಾನು ಚಿಕ್ಕವನಾಗಿದ್ದಾಗ ದಸರೆಗೆ ಮುನ್ನ ಮನೆಗೆ ಸುಣ್ಣ ಬಳಿಯುವ ಸಂಭ್ರಮ. ಸಂತೆಯಿಂದ ತಂದ ಸುಟ್ಟ ಸುಣ್ಣದ ಹರಳುಗಳನ್ನು ಅಜ್ಜಿ ಅರಳಿಸುತ್ತಿದ್ದಳು. ಹಿತ್ತಲಿನಲ್ಲಿ ದೊಡ್ಡ ಗಡಿಗೆ. ಮೊದಲು ಅದರಲ್ಲಿ ನೀರು, ಆಮೇಲೆ ಒಂದೊಂದಾಗಿ ಹರಳು. ಗಡಿಗೆಯ ಮೇಲೆ ಬಗ್ಗಬಾರದು, ಮಕ್ಕಳು ಹತ್ತಿರ ಸುಳಿಯಬಾರದು, ಕೈಯಿಂದ ಕಲಕದೆ ಉದ್ದನೆಯ ಕೋಲಿನಿಂದಲೇ ಕಲಕಬೇಕು, ಮರುದಿನದವರೆಗೆ ಮುಟ್ಟಬಾರದು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ವಸ್ತುವಿನ ಹೆಸರು, ಅದರ ಗುಣ, ಹಿಡಿಯುವ ಬಗೆ, ಇಡುವ ಬಗೆ ಎಲ್ಲವೂ ಆ ನಾಲ್ಕು ಮಾತಿನಲ್ಲಿದ್ದವು. ಇಂದಿನ ಹನ್ನೆರಡು ಪುಟಗಳ ಹೂರಣವೂ ಅದೇ.

ಬರಹದಲ್ಲಿಯೂ ನಮ್ಮವರು ಇದನ್ನು ಮಾಡದೆ ಇಲ್ಲ. ಹದಿನಾಲ್ಕನೆಯ ಶತಮಾನದಲ್ಲಿದ್ದ ಜೈನಕವಿ ಮಂಗರಾಜನು 'ಖಗೇಂದ್ರಮಣಿದರ್ಪಣ'ವೆಂಬ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಹಾವು ಚೇಳು ಮೊದಲಾದ ಜಂಗಮ ವಿಷಗಳನ್ನಲ್ಲದೆ, ಗಿಡ ಬೇರು ಖನಿಜಗಳಿಂದ ಬರುವ ಸ್ಥಾವರ ವಿಷಗಳನ್ನೂ ಅವನು ವಿಚಾರಿಸಿದ್ದಾನೆ. ವಿಷ ಯಾವುದು, ಮೈಯಲ್ಲಿ ಅದರ ಲಕ್ಷಣವೇನು, ಪರಿಹಾರವೇನು ಎಂದು ಹೇಳಿಕೊಂಡು ಹೋಗುವ ಕ್ರಮ ಅವನದು. ಅವನ ಮದ್ದುಗಳೆಲ್ಲ ಇಂದಿನ ಶಾಸ್ತ್ರಕ್ಕೆ ಒಪ್ಪುತ್ತವೆಂದು ನಾನು ಹೇಳಲಾರೆ. ಸಂಸ್ಕೃತದಲ್ಲಿ ಬರೆದು ಪಂಡಿತರ ಮೆಚ್ಚುಗೆ ಪಡೆಯಬಹುದಾಗಿದ್ದ ವಿಷಯವನ್ನು ಅವನು ಕನ್ನಡದಲ್ಲಿ ಬರೆದನಲ್ಲ, ಅದು ನಮಗೆ ಮುಖ್ಯ. ವಿಷ ತಗುಲಿದವನ ಮನೆಯವರಿಗೆ ತಿಳಿಯುವ ಭಾಷೆಯಲ್ಲಿ ವಿಷವೈದ್ಯವಿರಬೇಕೆಂಬ ವಿವೇಕ ಆರು ನೂರು ವರ್ಷಗಳ ಹಿಂದೆಯೇ ನಮ್ಮಲ್ಲಿತ್ತು.

ಯುರೋಪಿನಲ್ಲಿ ಈ ವಿಚಾರಕ್ಕೆ ಮೂಲಪುರುಷನೆಂದು ಹೆಸರಾದವನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ. ಕಸಬುದಾರರ ರೋಗಗಳನ್ನು ಕುರಿತ ಅವನ ಗ್ರಂಥ 1700ರಲ್ಲಿ ಮೊಡೆನಾ ನಗರದಲ್ಲಿ ಅಚ್ಚಾಯಿತು. ರೋಗಿಯನ್ನು ನೋಡುವಾಗ ಹಿಂದಿನ ವೈದ್ಯರು ಕೇಳುತ್ತಿದ್ದ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಬೇಕೆಂದು ಅವನು ಹೇಳಿದನು: ನಿನ್ನ ಕಸಬು ಏನು? ಚಿನ್ನ ಬೆಳ್ಳಿಗೆ ಪಾದರಸ ಬಳಿಯುವವರು, ಕುಂಬಾರರು, ಗಣಿಯವರು ಇವರ ಸಾಲಿನಲ್ಲಿ ಸುಣ್ಣ ಸುಡುವವರನ್ನೂ ಅವನು ಮರೆಯಲಿಲ್ಲ. ನಮ್ಮ ಶಹಾಬಾದಿನ ಸುಣ್ಣದ ಬಟ್ಟಿಯವನಿಗೂ ಅವನು ಪರಕೀಯನಲ್ಲ.

ಅಜ್ಜಿಯ ಗಡಿಗೆಯ ಕಾಲ ಹೋಗಿ ಕಾರ್ಖಾನೆಯ ಕಾಲ ನಮ್ಮ ಸೀಮೆಗೆ ಬಂದಿತು. ಮೊದಲು ಬಂದದ್ದು ಉಗಿಬಂಡಿ. 1871ರಲ್ಲಿ ಮುಂಬಯಿ ಮದ್ರಾಸುಗಳ ಹಳಿಗಳು ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡಿತು. ವಾಡಿ ದೊಡ್ಡ ಜಂಕ್ಷನ್ನಾಯಿತು. ಶಹಾಬಾದಿನ ಹಾಸುಗಲ್ಲು ರೈಲು ಹತ್ತಿ ದೂರದೂರದ ಊರುಗಳ ಅಂಗಳಕ್ಕೆ ಹೋಯಿತು. ಜೋಸೆಫ್ ಆಸ್ಪ್‌ಡಿನ್ ಎಂಬ ಆಂಗ್ಲ ಇಟ್ಟಿಗೆಗಾರನು 1824ರಲ್ಲಿ ಸನ್ನದು ಪಡೆದ ಪೋರ್ಟ್‌ಲೆಂಡ್ ಸಿಮೆಂಟು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದಲ್ಲಿಯೂ ತಯಾರಾಗತೊಡಗಿ, 1920ರ ದಶಕದಲ್ಲಿ ಶಹಾಬಾದಿಗೂ ಬಂದಿತು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಶಹಾಬಾದ ಸಿಮೆಂಟ್ ಕಂಪನಿಯೂ ಅವುಗಳಲ್ಲೊಂದಾಗಿದ್ದಿತು. 1968ರಲ್ಲಿ ವಾಡಿಯ ಕಾರ್ಖಾನೆ, 1980ರ ದಶಕದಲ್ಲಿ ಸೇಡಂ ಮತ್ತು ಮಳಖೇಡಗಳ ಕಾರ್ಖಾನೆಗಳು, 2010ರ ಆಚೀಚೆಗೆ ಚಿಂಚೋಳಿ ತಾಲೂಕಿನವು, 2015ರಲ್ಲಿ ಚಿತ್ತಾಪುರ ತಾಲೂಕಿನ ಇಟಗಾದ್ದು - ಹೀಗೆ ಚಿಮಣಿಗಳು ಒಂದರ ಹಿಂದೊಂದು ಎದ್ದವು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದ ಕೋಟೆಯ ಮೇಲೆ ನಿಂತು ನೋಡಿದರೆ ಇಂದು ಕಾಣುವುದು ಸಿಮೆಂಟಿನ ಹೊಗೆ.

ಈ ಕಾರ್ಖಾನೆಗಳಿಂದ ಅನ್ನ ಬಂದಿತು. ಅದನ್ನು ಅಲ್ಲಗಳೆಯುವ ಕೃತಘ್ನತೆ ಬೇಡ. ಮಳೆಯನ್ನೇ ನಂಬಿ ತೊಗರಿ ಬೆಳೆಯುವ ಈ ಸೀಮೆಯಲ್ಲಿ ತಿಂಗಳ ಪಗಾರ ಸಾಮಾನ್ಯ ಸಂಗತಿಯಲ್ಲ. ಆದರೆ ಅಜ್ಜಿಗೆ ಗೊತ್ತಿದ್ದ ಸುಣ್ಣದ ಜಾಗದಲ್ಲಿ ಗೊತ್ತಿಲ್ಲದ ನೂರು ವಸ್ತುಗಳೂ ಜೊತೆಗೆ ಬಂದವು. ಸಿಮೆಂಟನ್ನೇ ತೆಗೆದುಕೊಳ್ಳಿರಿ. ಸುಣ್ಣಕಲ್ಲು ಜೇಡಿಗಳನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟು, ಬಂದ ಕರಿ ಗುಂಡುಗಳನ್ನು ಜಿಪ್ಸಮ್ಮಿನೊಡನೆ ಅರೆದ ಈ ಬೂದುಬಣ್ಣದ ಪುಡಿ ಒಣಗಿದ್ದಾಗ ಸಾಧುವಾಗಿಯೇ ಕಾಣುತ್ತದೆ. ನೀರು ತಾಗಿದೊಡನೆ ಅದು ತೀವ್ರ ಕ್ಷಾರವಾಗುತ್ತದೆ. ಹಸಿ ಕಾಂಕ್ರೀಟಿನಲ್ಲಿ ಮೊಣಕಾಲೂರಿ ಕೆಲಸ ಮಾಡಿದವನಿಗೆ ಆಗ ನೋವು ತಿಳಿಯುವುದಿಲ್ಲ. ಕೆಲವು ಗಂಟೆಗಳ ಮೇಲೆ ಪ್ಯಾಂಟು ಬಿಚ್ಚಿದಾಗ ಚರ್ಮ ಸುಟ್ಟಿರುವುದು ಕಾಣುತ್ತದೆ. ಬೆಂಕಿ ಸುಡುವಾಗ ಕೂಗಿ ಹೇಳುತ್ತದೆ, ಕ್ಷಾರ ಮೌನವಾಗಿ ಸುಡುತ್ತದೆ.

ಇನ್ನೊಂದು ಸಂಗತಿಯಿದೆ. ಗವಂಡಿಗಳ ಕೈಗೆ ಬರುವ ಹಟಮಾರಿ ಇಸಬಿಗೆ ಕಾರಣವೇನೆಂಬುದು ಬಹುಕಾಲ ಒಗಟಾಗಿದ್ದಿತು. 1950ರಲ್ಲಿ ಸ್ವಿಟ್ಜರ್ಲೆಂಡಿನ ಯೇಗರ್ ಮತ್ತು ಪೆಲ್ಲೋನಿ ಎಂಬಿಬ್ಬರು ವೈದ್ಯರು, ಸಿಮೆಂಟಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಕ್ರೋಮಿಯಮ್ಮೇ ಅದಕ್ಕೆ ಕಾರಣವೆಂದು ತೋರಿಸಿದರು. ಡೆನ್ಮಾರ್ಕಿನವರು 1980ರ ದಶಕದಲ್ಲಿ ಸಿಮೆಂಟಿಗೆ ಕಬ್ಬಿಣದ ಸಲ್ಫೇಟನ್ನು ಸೇರಿಸಿ ಆ ಕ್ರೋಮಿಯಮ್ಮಿನ ಹಲ್ಲು ಕಿತ್ತರು. 2005ರಿಂದ ಯುರೋಪಿನ ಒಕ್ಕೂಟದಲ್ಲಿ ಅದರ ಪ್ರಮಾಣ ಹತ್ತು ಲಕ್ಷ ಭಾಗದಲ್ಲಿ ಎರಡನ್ನು ಮೀರಬಾರದೆಂಬ ಕಟ್ಟಳೆ ಬಂದಿತು. ಹತ್ತು ಲಕ್ಷದಲ್ಲಿ ಎರಡು! ಇಂಥದನ್ನು ಯಾವ ಅಜ್ಜಿಯ ಅನುಭವ ತಾನೆ ಕಂಡುಹಿಡಿದೀತು? ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಅಪಾಯವನ್ನು ತಿಳಿದವರು ಬರೆದು ತಿಳಿಸಲೇಬೇಕು. ಕಾಗದದ ಅವಶ್ಯಕತೆ ಹುಟ್ಟಿದ್ದು ಇಲ್ಲಿ.

ಅಮೆರಿಕೆಯಲ್ಲಿ ರಸಾಯನ ತಯಾರಕರ ಸಂಘವೇ 1940ರ ದಶಕದಲ್ಲಿ ಒಂದೊಂದು ವಸ್ತುವಿಗೆ ಒಂದೊಂದು ಎಚ್ಚರಿಕೆಯ ಹಾಳೆಯನ್ನು ಅಚ್ಚು ಹಾಕಿಸತೊಡಗಿತು. ಅದು ತಯಾರಕರ ಔದಾರ್ಯವಾಗಿತ್ತೇ ಹೊರತು ಕೂಲಿಗಾರನ ಹಕ್ಕಾಗಿರಲಿಲ್ಲ. ಕೂಲಿಗಾರರ ಸಂಘಗಳು 'ತಿಳಿಯುವ ಹಕ್ಕು' ಬೇಕೆಂದು ಚಳವಳಿ ಹೂಡಿದವು. 1983ರ ನವೆಂಬರಿನಲ್ಲಿ ಆ ದೇಶದ ಸರಕಾರ ಅಪಾಯವನ್ನು ತಿಳಿಸುವ ನಿಯಮವನ್ನು ಹೊರಡಿಸಿತು. ವಸ್ತುವನ್ನು ತಯಾರಿಸಿದವನು ಹಾಳೆಯನ್ನು ಕೊಡಬೇಕು, ಮಾಲಿಕನು ಅದನ್ನು ಕೆಲಸಗಾರನ ಕೈಗೆ ಸಿಗುವಂತೆ ಇಡಬೇಕು, ಮೇಲಾಗಿ ಅದರ ಅರ್ಥವನ್ನು ಕಲಿಸಬೇಕು.

ಒಂದು ವರ್ಷ ಕಳೆಯಿತು. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೊಸೈನೇಟ್ ಎಂಬ ಅನಿಲ ಹೊರಬಿದ್ದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಆ ದುರಂತದ ಕಾರಣಗಳು ಹಲವು. ನಮ್ಮ ವಿಷಯಕ್ಕೆ ಸಂಬಂಧಿಸಿದ್ದು ಒಂದು. ಬಂದ ಅನಿಲ ಯಾವುದು, ಅದಕ್ಕೆ ಮಾಡಬೇಕಾದ ಉಪಚಾರವೇನು ಎಂಬುದು ಆ ರಾತ್ರಿ ಆಸ್ಪತ್ರೆಯ ವೈದ್ಯರಿಗೇ ತಿಳಿದಿರಲಿಲ್ಲ. ಒದ್ದೆ ಬಟ್ಟೆಯನ್ನು ಮುಖಕ್ಕೆ ಒತ್ತಿ ಹಿಡಿಯಿರೆಂಬ ಒಂದು ಮಾತು ಸುತ್ತಲ ಬಡಾವಣೆಯವರಿಗೆ ಮೊದಲೇ ತಿಳಿದಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತೆಂದು ಆಮೇಲೆ ಹೇಳಿದರು. ಹದಿನೈದು ನಿಮಿಷದ ನೀರು, ಒಂದು ತುಂಡು ಒದ್ದೆ ಬಟ್ಟೆ - ಜೀವ ಉಳಿಸುವ ವಿದ್ಯೆ ಅನೇಕ ವೇಳೆ ಇಷ್ಟೇ ಸರಳವಾಗಿರುತ್ತದೆ. ಅದು ತಕ್ಕ ಹೊತ್ತಿನಲ್ಲಿ ತಕ್ಕವನ ತಲೆಯಲ್ಲಿರಬೇಕು, ಅಷ್ಟೆ.

ಭೋಪಾಲದ ನಂತರ ನಮ್ಮ ದೇಶ ಎಚ್ಚರವಾಯಿತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂದಿತು. 1948ರ ಕಾರ್ಖಾನೆಗಳ ಕಾಯಿದೆಗೆ 1987ರಲ್ಲಿ ಒಂದು ಹೊಸ ಅಧ್ಯಾಯ ಸೇರಿತು. ಅಪಾಯಕರ ಪ್ರಕ್ರಿಯೆ ನಡೆಸುವ ಕಾರ್ಖಾನೆಯು ಅದರ ಕೇಡುಗಳನ್ನೂ ಪರಿಹಾರಗಳನ್ನೂ ಕೆಲಸಗಾರರಿಗೆ ಮಾತ್ರವಲ್ಲ, ಸುತ್ತಲಿನ ಸಾರ್ವಜನಿಕರಿಗೂ ತಿಳಿಸಬೇಕೆಂದು 41-ಬಿ ಕಲಮು ವಿಧಿಸಿತು. ತನ್ನ ಆರೋಗ್ಯ ಸುರಕ್ಷತೆಗಳ ಬಗೆಗೆ ಮಾಹಿತಿ ಕೇಳುವ ಹಕ್ಕನ್ನು 111-ಎ ಕಲಮು ಕೆಲಸಗಾರನಿಗೆ ಕೊಟ್ಟಿತು. ಅಂಥ ಅಪಾಯದ ಉದ್ಯಮಗಳ ಪಟ್ಟಿಯಲ್ಲಿ ಸಿಮೆಂಟೂ ಇದ್ದಿತೆಂಬುದನ್ನು ನಮ್ಮ ಐದು ಊರಿನವರು ಗಮನಿಸಬೇಕು. 1989ರಲ್ಲಿ ಅಪಾಯಕರ ರಸಾಯನಗಳ ತಯಾರಿಕೆ, ಸಂಗ್ರಹ, ಆಮದುಗಳ ನಿಯಮಗಳು ಬಂದವು. ಅವುಗಳ 17ನೆಯ ನಿಯಮ ಮತ್ತು 9ನೆಯ ಅನುಸೂಚಿಯಲ್ಲಿ ಈ ಸುರಕ್ಷತೆಯ ಹಾಳೆಗೆ ಭಾರತದ ಶಾಸನದಲ್ಲಿ ರೂಪ ದೊರೆಯಿತು. ಕಾರ್ಖಾನೆಗಳ ಕಾಯಿದೆಯ ಜಾಗಕ್ಕೆ ಈಗ 2020ರ ವೃತ್ತಿ ಸುರಕ್ಷತೆಯ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಅಪಾಯವನ್ನು ಬಹಿರಂಗಪಡಿಸುವ ಕರ್ತವ್ಯವನ್ನು ಅದೂ ಉಳಿಸಿಕೊಂಡಿದೆ.

ಅತ್ತ 1992ರಲ್ಲಿ ರಿಯೋ ನಗರದಲ್ಲಿ ಸೇರಿದ ರಾಷ್ಟ್ರಗಳು, ದೇಶಕ್ಕೊಂದು ಬಗೆಯ ಎಚ್ಚರಿಕೆಯ ಗುರುತುಗಳಿದ್ದರೆ ಗೊಂದಲವೆಂದು ಕಂಡು, ಲೋಕಕ್ಕೆಲ್ಲ ಒಂದೇ ಪದ್ಧತಿ ಬೇಕೆಂದು ಒಪ್ಪಿದವು. ಆ ಪದ್ಧತಿಯ ಗ್ರಂಥ 2003ರಲ್ಲಿ ವಿಶ್ವಸಂಸ್ಥೆಯಿಂದ ಪ್ರಕಟವಾಯಿತು. ಹಾಳೆಗೆ ಹದಿನಾರು ವಿಭಾಗಗಳು, ಡಬ್ಬಿಗೆ ಕೆಂಪು ಅಂಚಿನ ವಜ್ರಾಕಾರದಲ್ಲಿ ಒಂಬತ್ತು ಚಿತ್ರಗಳು, 'ಅಪಾಯ' ಮತ್ತು 'ಎಚ್ಚರಿಕೆ' ಎಂಬ ಎರಡು ಸಂಜ್ಞಾಪದಗಳು - ಇವು ಅದರ ಮುಖ್ಯ ಅಂಗಗಳು. ಎರಡರಲ್ಲಿ 'ಅಪಾಯ'ವೇ ಹೆಚ್ಚು ಉಗ್ರವಾದುದು.

ಹದಿನಾರು ವಿಭಾಗಗಳೆಂದೊಡನೆ ಹೆದರಬೇಕಾದುದಿಲ್ಲ. ಅವು ನಾಲ್ಕು ಪ್ರಶ್ನೆಗಳಿಗೆ ಉತ್ತರವೆಂದು ತಿಳಿದರೆ ಸಾಕು. ಇದು ಏನು, ಏನು ಕೆಡುಕು ಮಾಡೀತು ಎಂಬುದು ಮೊದಲ ಮೂರರಲ್ಲಿದೆ. ಕೆಟ್ಟದ್ದು ನಡೆದೇಹೋದರೆ ಏನು ಮಾಡಬೇಕೆಂಬುದು, ಎಂದರೆ ಪ್ರಥಮೋಪಚಾರ, ಬೆಂಕಿ ಆರಿಸುವುದು, ಚೆಲ್ಲಿದ್ದನ್ನು ಬಳಿಯುವುದು, ನಾಲ್ಕು ಐದು ಆರರಲ್ಲಿದೆ. ನಡೆಯದಂತೆ ಹೇಗೆ ನೋಡಿಕೊಳ್ಳಬೇಕೆಂಬುದಕ್ಕೆ ಏಳರಿಂದ ಹತ್ತರವರೆಗೆ ನೋಡಬೇಕು. ಇಡುವ ಬಗೆ, ಕೈಚೀಲ ಕನ್ನಡಕಗಳ ವಿಚಾರ, ಯಾವುದರೊಡನೆ ಕೂಡಬಾರದೆಂಬ ವಿಚಾರ ಅಲ್ಲಿದೆ. ಉಳಿದವು ವಿಷಶಾಸ್ತ್ರ, ನೆಲಜಲಗಳ ಕ್ಷೇಮ, ವಿಲೇವಾರಿ, ಸಾಗಣೆ, ಕಾಯಿದೆ ಮೊದಲಾದ ವಿವರ. ಅವಸರದಲ್ಲಿರುವ ಕೆಲಸಗಾರನಿಗೆ ಎರಡು, ನಾಲ್ಕು, ಏಳು, ಎಂಟು ಈ ವಿಭಾಗಗಳು ಬಾಯಿಪಾಠವಾದರೆ ಅರ್ಧ ಯುದ್ಧ ಗೆದ್ದಂತೆ.

ಮೂರನೆಯ ವಿಭಾಗದಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಮೊದಲು ಇದೇಕೆಂದು ನನಗೂ ಬೇಸರ ಬಂದಿತ್ತು. ಆಮೇಲೆ ಅದರ ಬೆಲೆ ತಿಳಿಯಿತು. ಕನ್ನಡದಲ್ಲಿ ನಾವು ಗುಡ್ಡದ ಕಲ್ಲನ್ನೂ ಸುಣ್ಣವೆನ್ನುತ್ತೇವೆ, ಬಟ್ಟಿಯಿಂದ ತೆಗೆದ ಹರಳನ್ನೂ ಸುಣ್ಣವೆನ್ನುತ್ತೇವೆ, ಅರಳಿಸಿ ವೀಳ್ಯದೆಲೆಗೆ ಹಚ್ಚುವುದನ್ನೂ ಸುಣ್ಣವೆಂದೇ ಕರೆಯುತ್ತೇವೆ. ಸಂಖ್ಯೆಯ ಲೆಕ್ಕದಲ್ಲಿ ಅವು ಮೂರು: ಕಲ್ಲು 1317-65-3, ಸುಟ್ಟದ್ದು 1305-78-8, ಅರಳಿದ್ದು 1305-62-0. ಮೊದಲನೆಯದರ ಮೇಲೆ ನಾವು ಮಲಗುತ್ತೇವೆ. ಎರಡನೆಯದು ನೀರು ಕಂಡರೆ ಕುದಿಯುತ್ತದೆ. ಮೂರನೆಯದನ್ನು ಎಲೆಯಡಿಕೆಯೊಡನೆ ಮೆಲ್ಲುತ್ತೇವೆ, ಆದರೂ ಅದು ಮಗುವಿನ ಕಣ್ಣಿಗೆ ಸಿಡಿದರೆ ದೃಷ್ಟಿಯನ್ನೇ ಕಸಿಯಬಲ್ಲದು. ಬಾಯಿಗೆ ಹಾಕುವ ವಸ್ತು ಕಣ್ಣಿಗೇನು ಮಾಡೀತೆಂಬ ಭ್ರಮೆ ಒಂದೇ ಹೆಸರಿನಿಂದ ಹುಟ್ಟುವಂಥದು. ಹೆಸರು ಒಂದಾದುದರಿಂದ ಗುಣ ಒಂದಾಗುವುದಿಲ್ಲ.

ಈಗ ನನ್ನ ಅನುವಾದದ ಕಥೆ. 'ಕೊರೋಸಿವ್' ಎಂಬ ಮಾತಿಗೆ ಕೋಶಗಳನ್ನು ತಿರುವಿ 'ಸಂಕ್ಷಾರಕ' ಎಂದು ಬರೆದೆ. 'ಇನ್‌ಫ್ಲೇಮಬಲ್' ಎಂಬುದರ ಮುಂದೆ ಇನ್ನೊಂದು ತೊಡಕು. ಮೊದಲಲ್ಲಿ 'ಇನ್' ಇರುವುದರಿಂದ ಹೊತ್ತಿಕೊಳ್ಳದ್ದು ಎಂದು ತಿಳಿಯುವವರುಂಟು, ನಿಜದಲ್ಲಿ ಅದು ಬೇಗ ಹೊತ್ತಿಕೊಳ್ಳುವುದು. ಅದಕ್ಕೆ 'ದಹನಶೀಲ' ಎಂದು ಬರೆದೆ. ನಾಲ್ಕು ದಿನದ ಮೇಲೆ ಹುಡುಗ ಬಂದಾಗ ಹೆಮ್ಮೆಯಿಂದ ಓದಿ ಹೇಳಿದೆ. ಅವನು ತಲೆ ಕೆರೆದುಕೊಂಡು, “ಸರ, ಸಂಕ್ಷಾರಕ ಅಂದ್ರ?” ಎಂದ. ನಾನು ವಿವರಿಸಿದೆ. “ಹಂಗಂದ್ರ ತಿಂತದ ಅನ್ರಿ ಸರ. ಸುಣ್ಣ ಕೈ ತಿಂತದ, ಕಣ್ಣು ತಿಂತದ. ನಮ್ಮ ಮಂದಿ ಹಂಗೇ ಅಂತಾರ” ಎಂದ. ನನಗೆ ನಾಚಿಕೆಯಾಯಿತು. ಹಾಳೆಯ ಮೇಲಿದ್ದ ಚಿತ್ರವನ್ನು ಆಗ ಮತ್ತೊಮ್ಮೆ ನೋಡಿದೆ. ಎರಡು ನಳಿಕೆಗಳಿಂದ ಹನಿ ಬೀಳುತ್ತಿದೆ. ಒಂದರ ಕೆಳಗೆ ಲೋಹದ ತುಂಡು, ಇನ್ನೊಂದರ ಕೆಳಗೆ ಒಂದು ಕೈ. ಎರಡನ್ನೂ ಅದು ತಿನ್ನುತ್ತಿದೆ! ವಿಶ್ವಸಂಸ್ಥೆಯ ಚಿತ್ರಗಾರನಿಗೂ ನನ್ನ ವಿದ್ಯಾರ್ಥಿಗೂ ಹೊಳೆದದ್ದು ಎಂ.ಎ. ಓದಿದ ನನಗೆ ಹೊಳೆಯಲಿಲ್ಲ. 'ಸಂಕ್ಷಾರಕ'ವನ್ನು ಹೊಡೆದು 'ಮೈ ತಿನ್ನುವುದು' ಎಂದು ತಿದ್ದಿದೆ. 'ದಹನಶೀಲ'ವನ್ನು ಹೊಡೆದು 'ಬೇಗ ಬೆಂಕಿ ಹಿಡಿಯುವುದು' ಎಂದು ಬರೆದೆ.

ಯಾವ ಕನ್ನಡದಲ್ಲಿ ಬರೆಯಬೇಕೆಂಬ ಚಿಂತೆ ಕಾಗಿಣೆಯ ದಂಡೆಗೆ ಹಳೆಯದು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಇದೇ ಮಳಖೇಡದಲ್ಲಿ, 'ಕವಿರಾಜಮಾರ್ಗ' ಹುಟ್ಟಿತು. ಸಂಸ್ಕೃತ ಕನ್ನಡಗಳನ್ನು ಹೊಂದಿಕೆಯಿಲ್ಲದೆ ಬೆಸೆಯುವುದನ್ನೂ, ಬಳಕೆ ತಪ್ಪಿದ ಹಳೆಯ ಮಾತುಗಳನ್ನು ಸಂದರ್ಭವರಿಯದೆ ತುರುಕುವುದನ್ನೂ ಅದು ಆಕ್ಷೇಪಿಸುತ್ತದೆ. ಓದು ಬಾರದ ಜನರಲ್ಲಿಯೂ ಮಾತಿನ ಜಾಣತನ ಉಂಟೆಂದು ಅದು ಬಲ್ಲದು. ಪ್ರತಿವರ್ಷ ತರಗತಿಯಲ್ಲಿ ಅದನ್ನು ಪಾಠ ಹೇಳುವ ನಾನು ನನ್ನ ಸ್ವಂತ ಬರಹದಲ್ಲಿ ಅದನ್ನು ಮರೆತಿದ್ದೆ.

ಭಾಷೆಯ ಈ ತೊಡಕಿಗೆ ನಮ್ಮ ಸೀಮೆಯಲ್ಲಿ ವಿಶೇಷ ಇತಿಹಾಸವೂ ಇದೆ. ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದು. ಕಲ್ಲು ಒಡೆಯುವವನ ಭಾಷೆ ಕನ್ನಡ. 1948ರಲ್ಲಿ ಹೈದರಾಬಾದ ಸಂಸ್ಥಾನ ಭಾರತದಲ್ಲಿ ಸೇರಿತು. 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಬಂದೆವು. 1963ರಲ್ಲಿ ಕನ್ನಡ ರಾಜಭಾಷೆಯಾಯಿತು. ಕಾರ್ಖಾನೆಯಲ್ಲಿ ತೂಗುಹಾಕುವ ನೋಟೀಸು ಇಂಗ್ಲಿಷಿನಲ್ಲಿಯೂ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು 1948ರ ಕಾಯಿದೆಯ 108ನೆಯ ಕಲಮೇ ಹೇಳಿದ್ದಿತು. ಆದರೂ ನನ್ನ ಹುಡುಗನ ಕೈಗೆ ಬಂದ ಹನ್ನೆರಡು ಪುಟಗಳಲ್ಲಿ ಕನ್ನಡದ ಒಂದು ಅಕ್ಷರವಿರಲಿಲ್ಲ. ಕನ್ನಡ ಮಾಡಿದರೂ ಕೆಲಸ ಮುಗಿಯುವುದಿಲ್ಲ. ಚಿಂಚೋಳಿಯ ತಾಂಡಾಗಳಿಂದ ಬಂದವನ ಮನೆಮಾತು ಲಂಬಾಣಿ, ಸೇಡಂ ಗಡಿಯವನದು ತೆಲುಗು, ಶಹಾಬಾದಿನವನದು ಉರ್ದು, ಉತ್ತರದಿಂದ ಬಂದವನದು ಹಿಂದಿ. ಇವರಲ್ಲಿ ಕೆಲವರಿಗೆ ಯಾವ ಲಿಪಿಯೂ ಬಾರದು. ಹಾಗಾದರೆ ದಾರಿಯೇನು?

ದಾರಿ ಹುಡುಕುತ್ತ ನನ್ನ ಮನಸ್ಸು ಚಿತ್ತಾಪುರ ತಾಲೂಕಿನ ಎರಡು ಊರುಗಳ ಕಡೆಗೆ ಹೋಯಿತು. ಒಂದು ನಾಗಾವಿ. ಅಲ್ಲಿನ 1058ರ ಶಾಸನ ಒಂದು ಘಟಿಕಾಸ್ಥಾನವನ್ನು ವರ್ಣಿಸುತ್ತದೆ. ವೇದ ಓದುವವರು ಇನ್ನೂರು ಮಂದಿ, ಶಾಸ್ತ್ರ ಓದುವವರು ಐವತ್ತೆರಡು ಮಂದಿ, ಅವರ ಜೊತೆಗೆ ಪುಸ್ತಕಗಳನ್ನು ನೋಡಿಕೊಳ್ಳುವ ಸರಸ್ವತೀ ಭಂಡಾರಿಗರು ಆರು ಮಂದಿ. ಬರಹವಿದ್ದರೆ ಸಾಲದು, ಅದನ್ನು ಬೇಕಾದವನ ಕೈಗೆ ತೆಗೆದುಕೊಡಲು ಸಂಬಳದ ಮನುಷ್ಯನಿರಬೇಕೆಂದು ಅಂದಿನವರು ಬಲ್ಲವರಾಗಿದ್ದರು. ಇಂದಿನ ಕಾರ್ಖಾನೆಯ ಕಪಾಟಿಗೆ ಬೇಕಾದುದು ಬೀಗದ ಕೈಯಲ್ಲ, ಅಂಥ ಒಬ್ಬ ಭಂಡಾರಿಗ.

ಇನ್ನೊಂದು ಊರು ಭೀಮೆಯ ದಂಡೆಯ ಸನ್ನತಿ. ನಮ್ಮ ಸುಣ್ಣಕಲ್ಲಿನಲ್ಲಿಯೇ ಕಂಡರಿಸಿದ ಬೌದ್ಧಸ್ತೂಪ ಅದರ ಪಕ್ಕದ ಕನಗನಹಳ್ಳಿಯಲ್ಲಿ ದೊರೆತಿದೆ. ಅಶೋಕನ ಹೆಸರು ಕೊರೆದ ಅವನ ಪ್ರತಿಮೆಯೂ ಅಲ್ಲಿದೆ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ, 1980ರ ದಶಕದಲ್ಲಿ ಅಶೋಕನ ಶಾಸನವೇ ಕಂಡುಬಂದಿತು. ಶತಮಾನಗಳ ಕಾಲ ಜನ ಅದಕ್ಕೆ ಕೈಮುಗಿದಿದ್ದರು. ಓದಿದವರು ಯಾರೂ ಇರಲಿಲ್ಲ. ಆ ಕಲ್ಲಿನಲ್ಲಿ 12 ಮತ್ತು 14ನೆಯ ಶಾಸನಗಳಲ್ಲದೆ, ಒಡಿಶಾದ ಧೌಲಿ ಜೌಗಡಗಳಲ್ಲಿ ದೊರೆತಿರುವ ಪ್ರತ್ಯೇಕ ಶಾಸನಗಳೂ ಇವೆ. ಧೌಲಿಯ ಪಾಠದಲ್ಲಿ ಅಶೋಕನ ಅಪ್ಪಣೆಯೊಂದು ಸ್ಪಷ್ಟವಾಗಿದೆ: ಈ ಬರಹವನ್ನು ಪುಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕು, ನಡುನಡುವೆಯೂ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಕೇಳಿಸಬೇಕು. ಕಲ್ಲಿನಲ್ಲಿ ಕೊರೆಸಿದ ಮಾತ್ರಕ್ಕೆ ಮಾತು ಜನರನ್ನು ಮುಟ್ಟಿತೆಂದು ಆ ಚಕ್ರವರ್ತಿ ನಂಬಲಿಲ್ಲ.

ಓದಲಾರದೆ ಪೂಜಿಸಿದ ಕಲ್ಲಿಗೂ ಓದಲಾರದೆ ಬೀಗ ಹಾಕಿಟ್ಟ ಕಾಗದಕ್ಕೂ ಏನು ಅಂತರ? ಬರೆದವನ ಹೊಣೆ ತೀರಿತು, ಕೇಳಬೇಕಾದವನಿಗೆ ಕೇಳಿಸಲಿಲ್ಲ. ನಮ್ಮಲ್ಲಿ 1972ರಿಂದ ಪ್ರತಿವರ್ಷ ಮಾರ್ಚ್ 4ನ್ನು ರಾಷ್ಟ್ರೀಯ ಸುರಕ್ಷತಾ ದಿನವೆಂದು ಆಚರಿಸುತ್ತಾರೆ. ಪ್ರತಿಜ್ಞೆ, ಭಾಷಣ, ಫಲಕ ಎಲ್ಲವೂ ಆಗುತ್ತವೆ. ಆಗಲಿ, ಸಂತೋಷ. ಆದರೆ ವರ್ಷಕ್ಕೊಂದು ದಿನ ಸಾಲದು. ಹೊಸ ಚೀಲ ಬಿಚ್ಚುವ ಮುನ್ನ, ಹೊಸ ಆಳು ಬಂದ ದಿನ, ಪಾಳಿಯ ಆರಂಭದಲ್ಲಿ ಐದು ನಿಮಿಷ, ಆ ಹಾಳೆಯ ನಾಲ್ಕು ವಿಭಾಗಗಳನ್ನು ಅವರವರ ಮಾತಿನಲ್ಲಿ ಗಟ್ಟಿಯಾಗಿ ಓದಿ ಹೇಳುವ ರೂಢಿ ಬರಬೇಕು. ಕೇಳುವವನು ಒಬ್ಬನೇ ಇದ್ದರೂ!

ನನ್ನ ವಿದ್ಯಾರ್ಥಿ ಈಗ ಅದನ್ನು ಮಾಡುತ್ತಿದ್ದಾನೆ. ನಾನು ಬರೆದುಕೊಟ್ಟ ಹನ್ನೆರಡು ಪುಟಗಳನ್ನು ಅವನು ತನ್ನ ಮಂದಿಯೊಡನೆ ಕುಳಿತು ಒಂದೇ ಪುಟಕ್ಕೆ ಇಳಿಸಿದ. ಅದರಲ್ಲಿ ನನ್ನ ಮಾತುಗಳಿಗಿಂತ ಅವರ ಮಾತುಗಳೇ ಹೆಚ್ಚು. ಲಂಬಾಣಿಯ ಹುಡುಗನೊಬ್ಬ ತನ್ನವರಿಗೆ ಅದನ್ನು ತಮ್ಮ ಮಾತಿನಲ್ಲಿ ಹೇಳುತ್ತಾನಂತೆ. ಮೊದಲನೆಯ ಸಾಲು ಹೀಗಿದೆ: ಪುಡಿ ಮೈಮೇಲೆ ಬಿದ್ದರೆ ಮೊದಲು ಒಣಗಿದ್ದನ್ನು ಝಾಡಿಸಿರಿ, ಆಮೇಲೆ ನೀರು ಹಾಕಿರಿ, ಬಹಳ ನೀರು ಹಾಕಿರಿ; ಕಣ್ಣಿಗೆ ಬಿದ್ದರೆ ಕೂಡಲೇ ನೀರು, ಎಣ್ಣೆ ಬೇಡ, ತೊಳೆಯುತ್ತಲೇ ಇರಿ, ಆಮೇಲೆ ದವಾಖಾನೆ.

ಒಂದು ಕಣ್ಣು ಮಂಜಾದ ಆ ಮನುಷ್ಯ ಮರಳಿ ಕೆಲಸಕ್ಕೆ ಬಂದಿದ್ದಾನಂತೆ. ಹೊಸಬರು ಬಂದಾಗ ಆ ಪುಟವನ್ನು ಕೈಯಲ್ಲಿ ಹಿಡಿದು ಓದಿ ಹೇಳುವ ಕೆಲಸವನ್ನು ಅವನೇ ಕೇಳಿ ಪಡೆದುಕೊಂಡನೆಂದು ಹುಡುಗ ಹೇಳಿದ. ಅಕ್ಷರ ಸರಿಯಾಗಿ ಕಾಣದಿದ್ದರೂ ಅಡ್ಡಿಯಿಲ್ಲ. ಅವನಿಗೆ ಅದು ಬಾಯಿಪಾಠ.